ಅಳಿಸಿದ ಸಪ್ಪಳ

ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳಿಗೆಲ್ಲ ಜಲ್ಲಿ ಹೋಗುತ್ತಿದ್ದ ಕಾಲ. ಶಂಶಾಬಾದ್ ಆಚೆಯ ಒಂದು ಲಂಬಾಣಿ ತಾಂಡಾದವರು ತಮ್ಮ ಗುಡ್ಡ ಒಡೆಯುವ ಕ್ರಷರ್ ವಿರುದ್ಧ ಹೋರಾಡುತ್ತಿದ್ದರು. ಅವರ ಬಗ್ಗೆ ತೆಗೆದ ಸಾಕ್ಷ್ಯಚಿತ್ರಕ್ಕೆ ಧ್ವನಿ ಸರಿಮಾಡಿದವನು ನಾನು. ನಾರಾಯಣಗೂಡದ ಸ್ಟುಡಿಯೋದಲ್ಲಿ ಕೂತು, ಮಾತಿನ ಹಿಂದಿದ್ದ ಗರಗರ ಸದ್ದನ್ನೆಲ್ಲ ಅಳಿಸಿದೆ. ಮಾತು ಸ್ಪಷ್ಟ ಕೇಳಬೇಕು, ನಮ್ಮ ಕಸುಬೇ ಅದು. ಖಾಲಿ ಅನಿಸಬಾರದೆಂದು ಹಕ್ಕಿಯ ಕೂಗನ್ನೂ ಸೇರಿಸಿದೆ. ಡೈರೆಕ್ಟರ್ ಬೆನ್ನು ತಟ್ಟಿದರು.

ತಾಂಡಾದ ಶಾಲೆಯಲ್ಲೇ ಮೊದಲು ತೋರಿಸಿದೆವು. ಪರದೆಯ ಮೇಲೆ ಅದೇ ತಾಂಡಾದ ಜಮಲಾಬಾಯಿ, "ಈ ಕ್ರಷರ್ ಸಪ್ಪಳಕ್ಕ ಕೂಸು ಮಲಗಂಗಿಲ್ಲರಿ" ಅನ್ನುತ್ತಿದ್ದಳು. ಹಿಂದೆ ಹಕ್ಕಿ ಕೂಗುತ್ತಿತ್ತು. ಶಾಲೆಯ ಹೊರಗೆ ಕ್ರಷರ್ ನಡೆದೇ ಇತ್ತು.

ಮುಗಿದ ಮೇಲೆ ಆಕೆ ನೆಟ್ಟಗೆ ನನ್ನ ಹತ್ತಿರ ಬಂದಳು. ಆಕೆಯ ತವರು ಚಿತ್ತಾಪುರದ ಕಡೆ, ಹಾಗಾಗಿ ಚಿತ್ರದಲ್ಲೂ ನನ್ನೊಡನೆಯೂ ಕನ್ನಡ.

"ಸಪ್ಪಳ ಎಲ್ಲಿ ಹೋತು, ತಮ್ಮಾ?"

"ನಿಮ್ಮ ಮಾತು ಕೇಳಲಿ ಅಂತ ತೆಗದೀನಿ, ಅಕ್ಕಾ."

"ಅದನ್ನ ತೆಗೀರಿ ಅಂತ ಮೂರು ವರ್ಷದಿಂದ ಆಫೀಸಿಗೆ ಅಡ್ಡಾಡಾಕತ್ತೀವಿ. ನೀ ಕುಂತಲ್ಲೇ ತೆಗದಿ?"

ಆ ಚಿತ್ರದ ಪ್ರತಿ ಬೇಕೆಂದು ಇಲ್ಲಿವರೆಗೆ ಕೇಳಿದವರು ಒಬ್ಬರೇ, ಕ್ರಷರ್ ಮಾಲೀಕರ ವಕೀಲರು. ಕೋರ್ಟಿನಲ್ಲಿ ಕೇಳಿಸಬೇಕಂತೆ.