ಮಗ್ಗದ ಪೈಪು ವೇದಿಕೆ ಏರಿದ್ದು

“ತಂಬಿ, ಈ ಸ್ಟ್ಯಾಂಡು ಯಾವ ಕಂಪನಿಯದು?”

ತಿರುಪ್ಪೂರಿನ ಮದುವೆ ಮಂಟಪದಲ್ಲಿ ಹಾಡಿನ ಕಚೇರಿ ಮುಗಿದಿದ್ದೇ ತಡ, ಕೊಯಮತ್ತೂರಿನ ಹಿರಿಯ ಡ್ರಮ್ಮರ್ ಒಬ್ಬರು ವೇದಿಕೆ ಹತ್ತಿ, ಎಲೆಕ್ಟ್ರಾನಿಕ್ ಡ್ರಮ್ ಬಾರಿಸಿದ್ದ ನನ್ನ ತಮ್ಮನನ್ನು ತಮಿಳಿನಲ್ಲಿ ಕೇಳಿದರು. ಎಂಬತ್ತರ ದಶಕದ ಕೊನೆ; ಅಂಥ ಡ್ರಮ್ ಎಂದರೆ ಜನ ಕತ್ತು ಚಾಚಿ ನೋಡುತ್ತಿದ್ದ ಕಾಲ.

ನನ್ನ ತಮ್ಮ ಹೊಸದಾಗಿ ತಂದಿದ್ದ, ಕೋಲಿನಿಂದ ಬಡಿಯುವ ಎರಡು ಡ್ರಮ್ ಪ್ಯಾಡ್‌ಗಳಿಗೆ ಅವನ ಹಳೆ ಸ್ಟ್ಯಾಂಡಿನಲ್ಲಿ ಜಾಗವಿರಲಿಲ್ಲ. ಸೋಮನೂರಿನ ನಮ್ಮ ತರಿ ಶೆಡ್ಡಿನಲ್ಲಿ (ಮಗ್ಗಕ್ಕೆ ನಾವು ಅನ್ನುವುದೇ ತರಿ) ಬಿದ್ದಿದ್ದ ಪೈಪನ್ನು ನಾನೇ ಕತ್ತರಿಸಿ, ಕ್ಲ್ಯಾಂಪ್ ಹಾಕಿ ಎರಡು ತೋಳು ಕೂಡಿಸಿದೆ. ಆದರೆ ಒಂದು ಪ್ಯಾಡ್ ಬಡಿದರೆ ಪೈಪು ಅದುರಿ ಪಕ್ಕದ್ದೂ ‘ಡಬ್’ ಎನ್ನುತ್ತಿತ್ತು. ಲಾಳಿ ಬಂದು ಬಡಿಯುವ ಕಡೆ ಏಟು ನುಂಗಲು ಮಗ್ಗದಲ್ಲಿ ತೊಗಲಿನ ಪಟ್ಟಿ ಇರುತ್ತದಲ್ಲ, ಅದನ್ನೇ ಕ್ಲ್ಯಾಂಪಿನೊಳಗೆ ಸುತ್ತಿ ಬಿಗಿದೆ. ಪಕ್ಕದ ಪ್ಯಾಡ್ ಬಾಯಿ ಮುಚ್ಚಿತು.

“ಸ್ಟೇಜ್ ಮ್ಯಾಲೆ ತರಿ ಸಾಮಾನಾ ಅಕ್ಕಾ? ಮಾನ ಹೋಗ್ತದೆ” ಎಂದು ಗೊಣಗುತ್ತಲೇ ಅದನ್ನು ಹೊತ್ತುಕೊಂಡು ಬಂದಿದ್ದ ತಮ್ಮ, ಈಗ ಎಲ್ಲರೆದುರು ಡ್ರಮ್ ಕೋಲನ್ನು ಹೆಂಗಸರ ಸಾಲಿನಲ್ಲಿದ್ದ ನನ್ನತ್ತ ಚಾಚಿ ಹೇಳಿದ: “ನಮ್ಮಕ್ಕನ ಕಂಪನಿ!”

ಆಮೇಲೆ ಅವನಿಗೆ ವಿದೇಶಿ ಸ್ಟ್ಯಾಂಡೂ ಬಂತು. ಆದರೂ ಮನೆಯಲ್ಲಿ ಏನೇ ಕೆಡಲಿ, ಇವತ್ತಿಗೂ ಬಾಗಿಲಲ್ಲೇ ನಿಂತು ಕೂಗುತ್ತಾನೆ: “ಅಕ್ಕಾ, ಕಂಪನಿ ತೆಗ್ದೈತಾ?”