ತೊಟ್ಟಿಲ ಕೊಂಡಿಗೆ ಹಿತ್ತಾಳೆ ಬೆಸುಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಂಟ್ವಾಳದಿಂದ ಮೂಡುಬಿದಿರೆಗೆ ಹೊರಟ ಮೊದಲ ಬಸ್ಸಿನಲ್ಲಿ ಭೋಜ ಆಚಾರಿ ಕುಳಿತಲ್ಲಿ ಕುಳಿತಿಲ್ಲ. ಎದುರು ಸೀಟಿನ ಕಂಬಿಯನ್ನು ಉಗುರಿನಿಂದ ತಟ್ಟುತ್ತಾರೆ, ಅಲುಗಾಡಿಸುತ್ತಾರೆ, ಮತ್ತೆ ತಟ್ಟುತ್ತಾರೆ. ಕಾಲ ಬಳಿ ಚರ್ಮದ ತಿದಿ, ತೆಂಗಿನ ಗೆರಟೆಯ ಇದ್ದಿಲಿನ ಗೋಣಿ.

"ಆಚಾರ್ರೇ, ಬಸ್ಸನ್ನು ಬಿಚ್ಚಿ ಹಾಕಬೇಡಿ ಮಾರಾಯ್ರೇ" ಎಂದು ಕಂಡಕ್ಟರ್ ಹನೀಫಾ ನಗುತ್ತಾರೆ. ಭೋಜರಿಗೆ ನಗು ಬರುವುದಿಲ್ಲ. ಮೂಡುಬಿದಿರೆ ಹತ್ತಿರದ ಪುತ್ತಿಗೆಯ ಒಂದು ದೊಡ್ಡ ಮನೆಯಲ್ಲಿ ಇವತ್ತು ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ. ಆ ತೊಟ್ಟಿಲ ಕೊಂಡಿಗೆ ಮೊನ್ನೆ ಬೆಸುಗೆ ಹಾಕಿದವರು ಇವರೇ. ಆ ಬೆಸುಗೆಯ ಮೇಲೆ ಇವರಿಗೇ ನಂಬಿಕೆಯಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ, ಇದ್ದಿಲ ಗ್ಯಾಸಿನಲ್ಲಿ ಬಸ್ಸು ಓಡುತ್ತಿದ್ದಾಗ ಹುಡುಗನಾಗಿ ಗ್ಯಾರೇಜು ಸೇರಿದ ಭೋಜರಿಗೆ ಈಗ ನಲವತ್ತು ವರ್ಷ. ಬಂಟ್ವಾಳ ಪೇಟೆಯ ಹಿಂದೆ, ನೇತ್ರಾವತಿಗೆ ಬೆನ್ನು ಮಾಡಿ ನಿಂತ ತಗಡು ಹೊದೆಸಿದ ಮಾಡೇ ಅವರ ಅಂಗಡಿ. ಬೋರ್ಡು ಗೀರ್ಡು ಏನಿಲ್ಲ. ಮಳೆಗಾಲದಲ್ಲಿ ಹೊಳೆ ಒಳಗೆ ಬಂದು ಒಲೆಯನ್ನು ಕೊಚ್ಚಿಕೊಂಡು ಹೋಗುತ್ತದೆ. ನೀರಿಳಿದ ಮೇಲೆ ಇವರು ಕೆಸರಿನಲ್ಲಿ ಕೈಯಾಡಿಸಿ ಇಕ್ಕಳ ಹುಡುಕುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಕೆಲಸ. ಸೋರುವ ಡಬ್ಬಿಗೆ, ಚಿಮಿಣಿ ದೀಪಕ್ಕೆ ತವರದ ಬೆಸುಗೆ. ಸೈಕಲ್ ಫ್ರೇಮಿಗೆ, ಬಾವಿ ರಾಟೆಯ ಕೊಂಡಿಗೆ ಹಿತ್ತಾಳೆಯದು.

"ನೀರು ನಿಲ್ಲಿಸ್ಲಿಕ್ಕೆ ತವರ ಸಾಕು. ಭಾರ ಹೊರ್ಲಿಕ್ಕೆ ಹಿತ್ತಾಳೆಯೇ ಆಗಬೇಕು. ಗೊತ್ತಿದ್ದೂ ನಾನು ತವರ ಹಾಕಿ ಬಂದೆ, ನೋಡಿ" ಎಂದು ಭೋಜ ಹನೀಫಾರ ಎದುರು ತಲೆ ಕೊಡವುತ್ತಾರೆ.

ಆದದ್ದಿಷ್ಟು. ಪುತ್ತಿಗೆಯ ಆ ಮನೆಯ ಯಜಮಾನ ಪ್ರಭಾಚಂದ್ರ ಮಂಗಳೂರಿನಿಂದ ಹಸಿರು ಬಣ್ಣದ ಉಕ್ಕಿನ ಸರಳುಗಳ ತೊಟ್ಟಿಲ ಸ್ಟ್ಯಾಂಡು ತರಿಸಿದರು. ಬಸ್ಸಿನ ಮೇಲೆ ಬರುವಾಗ ತೊಟ್ಟಿಲು ತೂಗುವ ಕೊಂಡಿ ಕಿತ್ತುಹೋಯಿತು. "ಬಣ್ಣ ಸುಡಬಾರದು, ನೆಂಟರು ಬರ್ತಾರೆ" ಎಂದರು ಯಜಮಾನರು. ಹಿತ್ತಾಳೆ ಕರಗಬೇಕಾದರೆ ಉಕ್ಕು ಕೆಂಪಗೆ ಕಾಯಬೇಕು, ಬಣ್ಣ ಎಲ್ಲಿ ಉಳಿದೀತು? ತವರಕ್ಕಾದರೆ ಅಷ್ಟು ಕಾವು ಬೇಡ. ದೊಡ್ಡವರ ಮಾತಿಗೆ ತಲೆಯಾಡಿಸಿ ಭೋಜ ತವರವನ್ನೇ ಹಾಕಿ ಬಂದರು. ಆಮೇಲೆ ಮನೆಯಲ್ಲಿ ಹೆಂಡತಿ ವಾರಿಜಾಕ್ಷಿಗೆ ನೆಮ್ಮದಿಯಿಲ್ಲ. "ಅನ್ನ ಬಡಿಸಿದ್ರೆ ಬಟ್ಟಲಿನ ಅಂಚು ತಟ್ಟಿ ನೋಡ್ತಾರೆ. ಒಂದು ತುತ್ತು ಒಳಗೆ ಹೋಗುವುದಿಲ್ಲ" ಎನ್ನುತ್ತಾರೆ ಆಕೆ.

ಪುತ್ತಿಗೆಯ ಅಂಗಳದಲ್ಲಿ ಚಪ್ಪರ ಎದ್ದಿದೆ. ತಿದಿ ಹೊತ್ತು ಬಂದವರನ್ನು ಕಂಡು ಪ್ರಭಾಚಂದ್ರರ ಮುಖ ಗಂಟಾಗುತ್ತದೆ. "ಇವತ್ತಾ? ಒಳ್ಳೆಯ ದಿನ ತೊಟ್ಟಿಲಿಗೆ ಬೆಂಕಿ ಹಿಡಿಯುವುದಾ?"

"ಒಂದು ಅಕ್ಕಿ ಮುಡಿ ತೂಗಿಸಿ ನೋಡುವ, ಧಣಿಗಳೇ" ಎನ್ನುತ್ತಾರೆ ಭೋಜ. ಇಬ್ಬರು ಸೇರಿ ಒಣಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ದಪ್ಪ ಮುಡಿಯನ್ನು ಕೊಂಡಿಗೆ ಕಟ್ಟುತ್ತಾರೆ. ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ಬೆಸುಗೆ ಜಪ್ಪಯ್ಯ ಎನ್ನುವುದಿಲ್ಲ! ತೂಗಿದರೂ ಬಿಡುವುದಿಲ್ಲ. ನೆಂಟರು ಗೊಳ್ಳೆಂದು ನಗುತ್ತಾರೆ. ಇನ್ನೊಬ್ಬರಾದರೆ ಬಚಾವಾದೆ ಎಂದು ಬಸ್ಸು ಹತ್ತುತ್ತಿದ್ದರು. ಭೋಜರ ಹಣೆಯಲ್ಲಿ ಮಾತ್ರ ಬೆವರು.

"ಅಕ್ಕಿ ಮುಡಿ ಕಾಲು ಬಡಿಯುವುದಿಲ್ಲ, ಧಣಿಗಳೇ. ದಿನಾ ತೂಗಿ ತೂಗಿ ತವರ ಒಳಗೊಳಗೇ ಸಡಿಲ ಆಗ್ತದೆ. ಇವತ್ತು ಹಿಡಿದದ್ದು ಮುಂದಿನ ತಿಂಗಳು ಹಿಡಿದೀತು ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಇಲ್ಲ. ಮೊನ್ನೆಯೇ ಹೇಳಬೇಕಿತ್ತು, ತಪ್ಪು ನನ್ನದು."

ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಪ್ರಭಾಚಂದ್ರರ ತಾಯಿ ಯಶೋಧಮ್ಮ ಮಗನ ಕಡೆ ತಿರುಗುತ್ತಾರೆ. "ತೊಟ್ಟಿಲಿಗೆ ಹಾಕುವುದು ಮಗುವನ್ನಾ, ನಿನ್ನ ಬಣ್ಣವನ್ನಾ? ಆಚಾರಿ, ನೀನು ಒಲೆ ಹೂಡು."

ಭೋಜ ಹಿಂದೆ ಮುಂದೆ ನೋಡದೆ ತವರ ಕರಗಿಸಿ ಕೊಂಡಿ ಬಿಡಿಸುತ್ತಾರೆ. ಅರದಿಂದ ತವರವನ್ನೆಲ್ಲ ಉಜ್ಜಿ ತೆಗೆಯುತ್ತಾರೆ. ಒಂದಿಷ್ಟು ಉಳಿದರೂ ಹಿತ್ತಾಳೆ ಹಿಡಿಯುವುದಿಲ್ಲ. ಪುರೋಹಿತರು ಮುಹೂರ್ತದ ನೆನಪು ಮಾಡುತ್ತಲೇ ಇದ್ದಾರೆ. ಇಟ್ಟಿಗೆಗಳ ನಡುವೆ ಇದ್ದಿಲು ಕೆಂಡವಾಗುತ್ತದೆ, ಹಸಿರು ಬಣ್ಣ ಗುಳ್ಳೆಯೆದ್ದು ನಾರುತ್ತದೆ, ನೆಂಟರು ಮೂಗು ಮುಚ್ಚಿಕೊಳ್ಳುತ್ತಾರೆ. ಉಕ್ಕು ಕೆಂಪಾದೊಡನೆ ಹಿತ್ತಾಳೆ ಹರಿಯಲೆಂದು ಬಿಳಿಗಾರದ ಪುಡಿ ಉದುರಿಸಿ ಹಿತ್ತಾಳೆ ತಂತಿ ತಾಗಿಸುತ್ತಾರೆ. ಅದು ಕರಗಿ ಸಂದಿನ ಸುತ್ತ ಹರಿದು ಒಳಗಿಳಿಯುತ್ತದೆ. ಆರಿದ ಮೇಲೆ ಭೋಜ ತಾವೇ ಕೊಂಡಿಗೆ ಜೋತುಬಿದ್ದು ಎರಡೂ ಕಾಲು ಮಡಚುತ್ತಾರೆ, ಜೋಲಾಡುತ್ತಾರೆ. ಈ ಸಲ ಯಾರೂ ನಗುವುದಿಲ್ಲ.

ಮಗುವನ್ನು ತೊಟ್ಟಿಲಿಗೆ ಹಾಕುತ್ತಾರೆ. ಹಾಕಿದ್ದೇ ತಡ, ಅದು ಕಾಲು ಬಡಿಯುತ್ತದೆ. ಹೆಂಗಸರ ಹಾಡಿನ ನಡುವೆ ಭೋಜರ ಕಣ್ಣು ಕೊಂಡಿ ಬಿಟ್ಟು ಕದಲುವುದಿಲ್ಲ.

ಹೊರಡುವ ಹೊತ್ತಿಗೆ ಪ್ರಭಾಚಂದ್ರ ಹತ್ತಿರ ಬಂದು, ಆ ಸುಟ್ಟ ಜಾಗಕ್ಕೆ ನಾಳೆ ಬಣ್ಣ ಹಚ್ಚಿಸುತ್ತೇನೆ, ಗೊತ್ತೇ ಆಗುವುದಿಲ್ಲ ಎನ್ನುತ್ತಾರೆ. ತಿದಿ ಹೆಗಲಿಗೇರಿಸಿದ ಭೋಜ ತಡೆಯುತ್ತಾರೆ.

"ಸುಟ್ಟಲ್ಲಿಗೆ ಹಚ್ಚಿ, ಧಣಿಗಳೇ. ಬೆಸುಗೆಯ ಹಳದಿ ಮಾತ್ರ ಕಾಣುವ ಹಾಗೇ ಬಿಡಿ. ಈ ಕಡೆ ಬಂದಾಗ ಬಾಗಿಲಲ್ಲೇ ನಿಂತು ನೋಡಿ ಹೋಗ್ತೇನೆ. ಅದು ಹಿಡಿದುಕೊಂಡದ್ದು ಕಂಡ್ರೆ ನನಗೆ ಊಟ ಸೇರ್ತದೆ."