ಬಪ್ಪಂಗಾಯಿ ಹುಡಿ

ನನ್ನ ಅಕ್ಕನ ಶ್ವಾಸ ಕೆಟ್ಟದ್ದು ಬಪ್ಪಂಗಾಯಿಯಿಂದ ಎಂದರೆ ಜನ ನಗುತ್ತಾರೆ. ನಮ್ಮ ಕಡೆ ಪಪ್ಪಾಯಿಗೆ ಹೇಳುವುದೇ ಬಪ್ಪಂಗಾಯಿ, ಹಿತ್ತಿಲಿಗೊಂದು ಗಿಡ ಇದ್ದೇ ಇರುತ್ತದೆ, ಅದರಿಂದ ಯಾರಿಗೂ ಏನೂ ಆದದ್ದಿಲ್ಲ. ಆದರೆ ಬಲಿತ ಊರಕೋಳಿ ಬೇಯದಿದ್ದಾಗ ಸಾರಿಗೆ ಒಂದು ಹಸಿ ಬಪ್ಪಂಗಾಯಿ ತುಂಡು ಹಾಕುವುದು ಯಾಕೆಂದು ಯೋಚಿಸಿ. ಅದರ ಹಾಲು ಮಾಂಸವನ್ನು ಮೆತ್ತಗೆ ಮಾಡುತ್ತದೆ. ಅದೇ ಹಾಲನ್ನು ಒಣಗಿಸಿ, ಶುದ್ಧ ಮಾಡಿ, ಮೈದಾದಷ್ಟು ನಯಗೊಳಿಸಿದರೆ ಪಪೈನ್ ಎಂಬ ಹುಡಿ. ಜೀರ್ಣದ ಮಾತ್ರೆಗೆ ಅದನ್ನು ಹಾಕುತ್ತಾರೆ. ಮಾತ್ರೆಯಾಗಿ ಹೊಟ್ಟೆಗೆ ಹೋದರೆ ಮದ್ದು. ಗಾಳಿಯಲ್ಲಿ ಹಾರಿ ಶ್ವಾಸಕೋಶಕ್ಕೆ ಹೋದರೆ ಏನು ಎಂಬುದನ್ನು ನಾನು ಅಕ್ಕನ ಎದೆಗೆ ಕಿವಿಯಿಟ್ಟು ಕೇಳಿದ್ದೇನೆ.

ಭಾವನ ಶೆಡ್ಡು ಇದ್ದದ್ದು ಕುಂಬ್ರದಲ್ಲಿ, ಅವರ ಮನೆಗೆ ತಾಗಿಯೇ. ದೂರದಿಂದ ಡ್ರಮ್ಮುಗಳಲ್ಲಿ ಬರುವ ಹುಡಿಯನ್ನು ಹಾಲಿನ ಸಕ್ಕರೆಯ ಜೊತೆ ಬೆರೆಸಿ, ಜರಡಿ ಹಿಡಿದು, ಪ್ಯಾಕೆಟ್ ಮಾಡಿ ಮಾತ್ರೆ ಕಂಪೆನಿಗಳಿಗೆ ಕಳಿಸುವ ಕೆಲಸ. ಬೆರೆಸುವುದು ಅಕ್ಕ. ಪ್ಯಾಕ್ ಮಾಡಲು ನೆರೆಮನೆಯ ಒಬ್ಬರು ಬ್ಯಾರಿ ಹೆಂಗಸು. ಅಕ್ಕನಿಗಿಂತ ದೊಡ್ಡವರು, ಬಾಯಿ ಜೋರು, ಬೆರಳ ತುದಿಗಳ ಚರ್ಮ ಯಾವಾಗಲೂ ಸುಲಿದಿರುತ್ತಿತ್ತು. ಇಬ್ಬರಿಗೂ ಮೂಗಿಗೆ ಕಟ್ಟಲು ಮೈ ಒರೆಸುವ ತೆಳು ಬೈರಾಸು. ಸೆಕೆಗೆ ಮೇಲೆ ಫ್ಯಾನು ತಿರುಗುತ್ತಿತ್ತು, ಸಂಜೆ ನೆಲವನ್ನು ಹಿಡಿಸೂಡಿಯಲ್ಲಿ ಗುಡಿಸುತ್ತಿದ್ದರು. ಭಾವ ಕೂರುವುದು ಗಾಜಿನ ಬಾಗಿಲಿನ ಆಚೆ.

ಮೊದಲು ಅಕ್ಕನಿಗೆ ಸೀನು ಬಂತು. ಆಮೇಲೆ ಕಣ್ಣುರಿ, ಆಮೇಲೆ ಕೆಮ್ಮು. ಭಾನುವಾರ ಸುಳ್ಯದ ನನ್ನ ಟೈಲರ್ ಅಂಗಡಿಗೆ ಬಂದರೆ ಚೆನ್ನಾಗಿಯೇ ಇರುತ್ತಿದ್ದಳು, ಸೋಮವಾರ ಫೋನಿನಲ್ಲಿ ಮಾತಾಡಲು ಏದುಸಿರು. ಡ್ರಮ್ಮಿನ ಮೇಲೆ ಮನುಷ್ಯನ ಎದೆ ಒಡೆದ ಹಾಗಿರುವ ಚಿತ್ರ ಉಂಟು, ಅದು ಎಂತದ್ದು ಎಂದು ಅವಳು ಭಾವನನ್ನು ಕೇಳಿದ್ದಳಂತೆ. ಅವರು ಡ್ರಮ್ಮನ್ನು ತಿರುಗಿಸಿ ಚಿತ್ರವನ್ನು ಗೋಡೆಯ ಕಡೆಗೆ ಮಾಡಿದರಂತೆ.

"ಮದ್ದಿನ ಹುಡಿ ಅದು, ವಿಷ ಅಲ್ಲ. ಜನ ದುಡ್ಡು ಕೊಟ್ಟು ತಿನ್ನುದು ಅದನ್ನು" ಎಂದು ನನಗೂ ಹೇಳಿದರು.

ಅವರಲ್ಲಿ ಒಳ್ಳೆಯ ಮಾಸ್ಕ್ ಇರಲಿಲ್ಲ ಎಂದಲ್ಲ. ಎರಡು ಬದಿಗೆ ಡಬ್ಬಿಯಂಥದ್ದು ಇರುವ ರಬ್ಬರಿನ ಮಾಸ್ಕ್ ಒಂದಿತ್ತು. ಒಮ್ಮೆ ನಾನು ಹೋದಾಗ ಭಾವ ಅದನ್ನು ಹಾಕಿಕೊಂಡು ಗೇಟಿಗೆ ಪೈಂಟ್ ಹೊಡೆಯುತ್ತಿದ್ದರು. ಒಳಗೆ ಅಕ್ಕ ಬೈರಾಸು ಕಟ್ಟಿಕೊಂಡು ಹುಡಿ ಜರಡಿ ಹಿಡಿಯುತ್ತಿದ್ದಳು.

ಅಕ್ಕ ಕುಸಿದದ್ದು ಒಂದು ಮಧ್ಯಾಹ್ನ. ನಾನು ಅಲ್ಲೇ ಊಟಕ್ಕಿದ್ದೆ. ಅಕ್ಕ ಶೆಡ್ಡಿನಿಂದ ಬಂದವಳು ತಟ್ಟೆ ಇಡಲು ಬಗ್ಗಿ, ಹಾಗೆಯೇ ಅಡುಗೆಮನೆಯ ನೆಲದಲ್ಲಿ ಕುಳಿತಳು. ಬಾಯಿ ತೆರೆದಿದೆ, ಗಾಳಿ ಒಳಗೆ ಹೋಗುತ್ತಿಲ್ಲ. ತುಟಿ ನೀಲಿಗಟ್ಟಿತು. ನಾನು ರಸ್ತೆಗೆ ಓಡಿ ರಿಕ್ಷಾ ನಿಲ್ಲಿಸಿದೆ. ಬಾಗಿಲಲ್ಲಿ ನಿಂತಿದ್ದ ಭಾವ ಹೇಳಿದ ಮಾತು ಇದು: "ಇವತ್ತೇ ಆಗ್ಬೇಕಿತ್ತಾ? ಸಂಜೆ ಲೋಡು ಹೋಗ್ಲಿಕ್ಕುಂಟು."

ಪುತ್ತೂರಿನ ಆಸ್ಪತ್ರೆಯಲ್ಲಿ ಅಕ್ಕನಿಗೆ ಉಸಿರು ಮರಳಿದ ಮೇಲೆ ಡಾಕ್ಟ್ರಮ್ಮ ನನ್ನನ್ನು ಹೊರಗೆ ಕರೆದು, ಅವಳು ಏನು ಕೆಲಸ ಮಾಡುವುದೆಂದು ಕೇಳಿದರು. ಹೇಳಿದೆ.

"ಅವರ ಮೈಗೆ ಆ ಹುಡಿ ಆಗುದಿಲ್ಲ ಈಗ. ಒಮ್ಮೆ ಮೈ ಹೀಗೆ ತಿರುಗಿ ಬಿದ್ದರೆ ಮತ್ತೆ ಒಂದು ಚಿಟಿಕೆ ಸಾಕು. ಮಾಸ್ಕ್ ಹಾಕಿಯೂ ಆ ಕೆಲಸಕ್ಕೆ ಹೋಗ್ಬಾರ್ದು" ಎಂದರು.

"ಉಳಿದವರು?"

"ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು, ಬಟ್ಟೆ ಅಲ್ಲ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಧೂಳು ಎಳೆಯುವ ಫ್ಯಾನ್ ಬೇಕು, ತಲೆ ಮೇಲಿನ ಫ್ಯಾನ್ ಅಲ್ಲ. ಗುಡಿಸ್ಲೇಬಾರ್ದು, ಒದ್ದೆ ಬಟ್ಟೆಯಲ್ಲಿ ಒರೆಸುದು. ಕೆಲಸದ ಬಟ್ಟೆಯಲ್ಲಿ ಮನೆಗೆ ಬರ್ಬಾರ್ದು. ಹುಡಿ ಬಟ್ಟೆಯಲ್ಲೇ ಬರ್ತದೆ."

ಅಕ್ಕನನ್ನು ನಾನು ಕುಂಬ್ರಕ್ಕೆ ಕಳಿಸಲಿಲ್ಲ. ಮರ್ಕಂಜದ ನನ್ನ ಮನೆಗೆ ಕರೆದುಕೊಂಡು ಬಂದೆ.

ಭಾವ ಮೊದಲ ಸಲ ಬಂದದ್ದು ಶೆಡ್ಡಿನಿಂದ ನೇರವಾಗಿ. ಬಟ್ಟೆಯ ಮಾತು ಹೇಳುವಷ್ಟರಲ್ಲಿ ಅಕ್ಕನ ಮಂಚದ ಬದಿಯಲ್ಲಿ ಕುಳಿತಾಗಿತ್ತು. ಅವಳ ಎದೆ ಸಿಳ್ಳೆ ಹಾಕತೊಡಗಿತು. ಇನ್‌ಹೇಲರ್ ಬಾಯಿಗಿಟ್ಟು, ಭಾವನ ತೋಳು ಹಿಡಿದು ಹೊರಗೆ ದೂಡಿದೆ. ನನ್ನ ಜನ್ಮದಲ್ಲಿ ಅವರನ್ನು ಮುಟ್ಟಿದ್ದು ಅದೇ ಮೊದಲು.

ಎರಡನೆಯ ಸಲ ನಾನು ತಯಾರಾಗಿದ್ದೆ. ಅಂಗಳದ ನಳ್ಳಿಯ ಹತ್ತಿರ ಬಕೆಟ್, ಸೋಪು ಇಟ್ಟು ಅಲ್ಲೇ ತಡೆದೆ.

"ತಲೆಗೆ ಸ್ನಾನ ಮಾಡಿ ಭಾವ. ಅಂಗಿ ಪ್ಯಾಂಟು ಈ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಕಟ್ಟಿ."

"ನಿನಗೆ ಮರುಳಾ? ಹಾಕ್ಲಿಕ್ಕೆ ಎಂತ ಉಂಟು ಇಲ್ಲಿ?"

ಮನೆಯಲ್ಲಿ ಗಂಡಸರ ಬಟ್ಟೆ ಇರಲಿಲ್ಲ. ಗಿರಾಕಿಯೊಬ್ಬರು ಬೇಡವೆಂದು ಬಿಟ್ಟ ನೈಟಿ ಇತ್ತು, ಕೆಂಪು ದಾಸವಾಳದ ಪ್ರಿಂಟು, ತೋಳಿಗೆ ಫ್ರಿಲ್ಲು. ನೆರೆಮನೆಯಿಂದ ಒಂದು ಲುಂಗಿ ಕೇಳಿದರೆ ಸಿಗುತ್ತಿತ್ತು. ನಾನು ಕೇಳಲಿಲ್ಲ. "ಡಾಕ್ಟ್ರು ಹೇಳಿದ್ದು, ಬೇಕಾದ್ರೆ ಒಳಗೆ ಬನ್ನಿ, ಇಲ್ಲದಿದ್ರೆ ಬಸ್ಸುಂಟು" ಎಂದೆ.

ಭಾವನಿಗೆ ಅಕ್ಕ ಬೇಕಿತ್ತು. ಸ್ನಾನ ಮಾಡಿದರು, ನೈಟಿ ಹಾಕಿಕೊಂಡರು. ನಾನು ಅವರನ್ನು ರಸ್ತೆಗೆ ಕಾಣುವ ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟೆ. ಹೋಗುವವರೆಲ್ಲ ನಿಧಾನಿಸಿ ನೋಡಿದರು. ಇವತ್ತಿಗೂ ಬೇಜಾರಾದಾಗ ನಾನು ಅದನ್ನು ನೆನೆದುಕೊಳ್ಳುತ್ತೇನೆ.

ಅವರು ಬಂದ ಕಾರಣ ಬೇರೆಯೇ. ಆರ್ಡರ್ ಕೊಡುವ ಮೊದಲು ದೊಡ್ಡ ಕಂಪೆನಿಯೊಂದರವರು ಶೆಡ್ಡು ನೋಡಲು ಬರುವವರಿದ್ದರು, ಬೆರೆಸುವ ಕ್ರಮ ಕೇಳಿದರೆ ಹೇಳಲು ಅಕ್ಕ ಒಂದು ದಿನ ನಿಲ್ಲಬೇಕಂತೆ. ಅಕ್ಕ ಕಿಟಕಿಯ ಒಳಗಿನಿಂದ, "ನನ್ನಿಂದ ಆಗುದಿಲ್ಲ" ಎಂದಳು. ಅಷ್ಟೇ. ಬೈಯಲೂ ಇಲ್ಲ.

ನಾನು ಹೇಳಿದೆ, "ನಾನು ಬರ್ತೇನೆ ಭಾವ. ಅಕ್ಕ ಹೇಳಿಕೊಟ್ಟರೆ ನಾನು ಹೇಳ್ತೇನೆ."

ಅವರ ಮುಖ ಅರಳಿತು. ದಾಸವಾಳದ ನಡುವೆ.

ಕಂಪೆನಿಯವರು ಬರುವ ದಿನ ನಾನು ಪುತ್ತೂರಿನಲ್ಲಿ ಒಳ್ಳೆಯ ಮಾಸ್ಕ್ ಒಂದನ್ನು ಕೊಂಡು ಹಾಕಿಕೊಂಡೇ ಹೋದೆ. ಶೆಡ್ಡು ತೊಳೆದು ಹೊಳೆಯುತ್ತಿತ್ತು. ಗೋಡೆಯಲ್ಲಿ ಧೂಳೆಳೆಯುವ ಹೊಸ ಫ್ಯಾನು. ಭಾವ ರಬ್ಬರ್ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲೇ ಕೈಮುಗಿದರು. ಕಂಪೆನಿಯಿಂದ ಬಂದದ್ದು ಒಬ್ಬ ಮೇಡಂ, ಜೊತೆಗೊಬ್ಬರು. ಮೇಡಂ ಭಾವನ ಮಾಸ್ಕ್ ನೋಡಿ ತಲೆಯಾಡಿಸಿದರು. ಆಗ ಬ್ಯಾರಿ ಹೆಂಗಸು, ಯಾರೂ ಕೇಳದೆಯೇ, "ಇದು ಗೇಟಿಗೆ ಬಣ್ಣ ಕೊಡ್ಲಿಕ್ಕೆ ತಂದದ್ದಲ್ವಾ? ನಮಗೆ ಬೈರಾಸು" ಎಂದುಬಿಟ್ಟರು.

"ಆ ಫ್ಯಾನ್ ಸ್ವಲ್ಪ ಹಾಕಿ" ಎಂದರು ಮೇಡಂ.

ಭಾವ ಕರೆಂಟು ಇಲ್ಲ ಎಂದರು. ತಲೆಯ ಮೇಲೆ ಇನ್ನೊಂದು ಫ್ಯಾನು ತಿರುಗುತ್ತಿತ್ತು.

"ಅದಕ್ಕೆ ವಯರೇ ಎಳೆದಿಲ್ಲ ಮೇಡಂ" ಎಂದೆ ನಾನು. "ಇಲ್ಲಿ ಹುಡಿ ಬೆರೆಸ್ತಾ ಇದ್ದದ್ದು ನನ್ನ ಅಕ್ಕ, ಇವರ ಹೆಂಡತಿ. ಅವಳು ಯಾಕೆ ಇವತ್ತು ಇಲ್ಲಿ ಇಲ್ಲ ಅಂತ ಇವರೇ ಹೇಳ್ತಾರೆ. ಹೇಳಿ ಭಾವ."

ಅವರು ಮಾಸ್ಕಿನ ಪಟ್ಟಿ ಎಳೆದು ಬಿಗಿ ಮಾಡತೊಡಗಿದರು. ನಾನು ಹೇಳಿದೆ, ರಿಕ್ಷಾದಿಂದ ಹಿಡಿದು ಇನ್‌ಹೇಲರ್ ತನಕ, ಲೋಡಿನ ಮಾತನ್ನೂ ಸೇರಿಸಿ. ಎಷ್ಟೋ ಸಲ ಬಟ್ಟೆ ಹೊಲಿಯುತ್ತಾ ಮನಸ್ಸಿನಲ್ಲೇ ಹೇಳಿಕೊಂಡಿದ್ದೆ, ಹಾಗಾಗಿ ಎಲ್ಲೂ ತಡವರಿಸಲಿಲ್ಲ.

ಆ ಕಂಪೆನಿಯ ಆರ್ಡರ್ ಬರಲಿಲ್ಲ. ಮಾತು ಹರಡಿ ಉಳಿದವರೂ ಹುಡಿ ತೆಗೆದುಕೊಳ್ಳುವುದನ್ನು ಬಿಟ್ಟರು. ಮಳೆಗಾಲ ಹಿಡಿಯುವ ಮೊದಲೇ ಶೆಡ್ಡಿಗೆ ಬೀಗ ಬಿತ್ತು. ಖಾಲಿ ಮಾಡುವಾಗ ಜಂತಿಯ ಮೇಲೆ ಕೂತ ಹುಡಿಯನ್ನು ತೆಗೆಯಲು ಯಾರೂ ಬರಲಿಲ್ಲವಂತೆ, ಭಾವನೇ ಹಿಡಿಸೂಡಿ ಹಿಡಿದರಂತೆ. ರಬ್ಬರ್ ಮಾಸ್ಕಿನ ಡಬ್ಬಿ ಹಾಳಾಗಿತ್ತು, ಬೈರಾಸು ಕಟ್ಟಿಕೊಂಡರಂತೆ. ಕಣ್ಣು ಬಾತು ಮುಚ್ಚಿಹೋಯಿತು, ಆಸ್ಪತ್ರೆಯ ಬೆಂಚಿನಲ್ಲಿ ಕೆಮ್ಮುತ್ತಾ ಕೂತಿದ್ದರು ಎಂದು ಬ್ಯಾರಿ ಹೆಂಗಸು ಫೋನು ಮಾಡಿ ಹೇಳಿದರು.

"ಇನ್ನೊಮ್ಮೆ ಹೇಳಿ" ಎಂದೆ. ಅವರು ಇನ್ನೊಮ್ಮೆ ಹೇಳಿದರು.

ಆ ಹೆಂಗಸು ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ನನ್ನಿಂದ ನಿಮ್ಮ ಕೆಲಸ ಹೋಯಿತಲ್ಲ ಎಂದದ್ದಕ್ಕೆ, "ಇಲ್ಲಿ ಕೈ ಕಪ್ಪಾಗ್ತದೆ, ಆದ್ರೆ ಉಸಿರು ನನ್ನದೇ ಉಂಟು" ಎಂದರು. ಅಕ್ಕ ನನ್ನ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಚ್ಚುತ್ತಾಳೆ. ಮೆಟ್ಟಿಲು ಹತ್ತಿದರೆ ನಿಂತು ನಿಂತು ಉಸಿರಾಡಬೇಕು, ಅದು ಇನ್ನು ಸರಿಯಾಗುವುದಿಲ್ಲ ಎಂದು ಡಾಕ್ಟ್ರಮ್ಮ ಹೇಳಿಯಾಗಿದೆ. ಹಬ್ಬಕ್ಕೆ ಭಾವ ಫೋನು ಮಾಡಿದರೆ ಅವಳು ಮಾತಾಡುತ್ತಾಳೆ, ಊಟ ಆಯ್ತಾ ಎಂದೂ ಕೇಳುತ್ತಾಳೆ.

"ಸಾಕು ಬಿಡು ಮಾರಾಯ್ತಿ, ಅವರಿಗೂ ಆಯ್ತಲ್ಲ" ಎನ್ನುತ್ತಾಳೆ ನನಗೆ.

ಆದದ್ದು ಸಾಲದು. ಅವರ ಕಣ್ಣಿನ ಬಾವು ವಾರದಲ್ಲಿ ಇಳಿಯಿತು. ಕಳೆದ ತಿಂಗಳು ಪುತ್ತೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು, ಸ್ವಲ್ಪ ದಪ್ಪ ಆಗಿದ್ದಾರೆ. "ಅಕ್ಕ ಹೇಗಿದ್ದಾಳೆ?" ಎಂದು ಕೇಳಿದರು. ನಾನು ಸುಳ್ಯದ ಬಸ್ಸು ಹತ್ತಿದೆ, ಕಿಟಕಿ ಬದಿಯ ಸೀಟು ಹಿಡಿದು, ಬಸ್ಸು ಹೊರಡುವ ತನಕ ಅವರನ್ನೇ ನೋಡುತ್ತಾ ಕುಳಿತೆ.